ಒಂದೇ ಗೆರೆ
(ಏಳನೆಯ ಕಂತು)

"ಮಾತಾಡಬೇಡಿ," ಎಂದಳು ಪರೀಕ್ಷಕಿ.

ಬಾಟ್ಲಮ್ಮ ಮಾತಾಡಿರಲಿಲ್ಲ. ಸೀನಲು ಬಾಯಿ ತೆರೆದಿದ್ದಳು ಅಷ್ಟೆ. ಅದನ್ನೂ ಅಂಗೈಯಲ್ಲಿ ಅದುಮಿಕೊಂಡು ಗೋಡೆಗೆ ಒರಗಿ ನಿಂತಳು. ಈ ಲ್ಯಾಬಿನಲ್ಲಿ ಬಾಟಲಿ ತೊಳೆಯಲು ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಪಟ್ಟಿ ಅದ್ದಿದ ಮೇಲೆ ಹತ್ತು ನಿಮಿಷ ಇಲ್ಲಿ ಸೀನುವುದೂ ತಪ್ಪೆಂದು ಅವಳಿಗೆ ಗೊತ್ತಿತ್ತು.

ಮೇಜಿನ ಮೇಲೆ ಎರಡು ಗಾಜಿನ ಕೊಳವೆಗಳಿದ್ದವು. ಎರಡರಲ್ಲೂ ಒಂದೇ ಡಬ್ಬಿಯ ಚೀಸು. ಕ್ರಿಮಿ ಬೆಳೆಯುವ ಒಂದೇ ದ್ರವದಲ್ಲಿ ಕದಡಿ, ಒಂದೇ ಪೆಟ್ಟಿಗೆಯೊಳಗೆ ಒಂದು ಇಡೀ ದಿನ ಬೆಚ್ಚಗೆ ಇಟ್ಟದ್ದು. ಪರೀಕ್ಷಕಿ ಎರಡಕ್ಕೂ ಈಗಷ್ಟೇ ಒಂದೊಂದು ಕಾಗದದ ಪಟ್ಟಿ ಇಳಿಬಿಟ್ಟಿದ್ದಳು. ತೇವ ನಿಧಾನವಾಗಿ ಪಟ್ಟಿಯ ಮೈ ಹತ್ತುತ್ತಿತ್ತು.

ಮೇಲೆ ಒಂದೇ ಗೆರೆ ಮೂಡಿದರೆ ಪಟ್ಟಿ ತನ್ನ ಕೆಲಸ ಮಾಡಿದೆ, ಆಹಾರ ಶುದ್ಧವಾಗಿದೆ ಎಂದು ಅರ್ಥ. ಅದರ ಕೆಳಗೆ ಇನ್ನೊಂದು ಗೆರೆ ಮೂಡಿದರೆ ಕ್ರಿಮಿ ಇದೆ. ಹಿಂದೆ ಕ್ರಿಮಿ ಬೆಳೆಸುವ ಪ್ಲೇಟುಗಳ ಮುಂದೆ ಐದು ದಿನ ಕಾಯಬೇಕಾಗಿದ್ದ ಉತ್ತರ ಈಗ ಒಂದೇ ದಿನಕ್ಕೆ ಸಿಗುತ್ತದೆ. ಆದರೆ ಹತ್ತನೆಯ ನಿಮಿಷದಲ್ಲಿ ನೋಡಬೇಕು. ಎಂಟರಲ್ಲಿ ನೋಡಿದರೆ ಗೆರೆ ಇನ್ನೂ ಬಂದಿರುವುದಿಲ್ಲ. ಇಪ್ಪತ್ತರಲ್ಲಿ ನೋಡಿದರೆ ಇಲ್ಲದ ಗೆರೆಯೂ ಕಾಣುತ್ತದೆ. ಅದಕ್ಕೇ ಆ ಹತ್ತು ನಿಮಿಷ ಅವಳು ಯಾರೊಡನೆಯೂ ಮಾತಾಡುವುದಿಲ್ಲ, ಫೋನ್ ಬಂದರೆ ಕಿವಿಗಿಡುವುದಿಲ್ಲ, ಯಾರಾದರೂ ಕರೆದರೆ ತಿರುಗುವುದಿಲ್ಲ. ಹೊರಗೆ ಜನ ಅವಳಿಗೆ ಹತ್ತು ನಿಮಿಷದ ಮೇಡಂ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಇವತ್ತು ಆ ಹತ್ತು ನಿಮಿಷ ಅವಳ ಜೀವ ಹಿಂಡುತ್ತಿತ್ತು.

ಆಸ್ಪತ್ರೆಯಲ್ಲಿ ಇಬ್ಬರು ಮುದುಕರು, ಒಬ್ಬಳು ಬಸುರಿ ಸತ್ತು ಇಂದಿಗೆ ಒಂಬತ್ತು ದಿನ. ಮೂವರೂ ತಿಂದದ್ದು ಒಂದೇ ಕಾರ್ಖಾನೆಯ ಮೆತ್ತನೆಯ ಚೀಸು. ಅಲ್ಲಿಯ ಲ್ಯಾಬಿನ ಪುಸ್ತಕದಲ್ಲಿ ನಲವತ್ತೆರಡು ದಿನದ ಪಟ್ಟಿಗಳು ಸಾಲಾಗಿ ಅಂಟಿದ್ದವು, ಪ್ರತಿಯೊಂದರಲ್ಲೂ ಒಂದೇ ಗೆರೆ, ಪ್ರತಿಯೊಂದರ ಕೆಳಗೂ ಒಂದೇ ಸಹಿ. ಸಹಿ ಅವಳ ತಮ್ಮನದು.

ತಮ್ಮನ ಕೇಸನ್ನು ಅಕ್ಕನ ಕೈಗೆ ಕೊಡಬಾರದಿತ್ತು. ಇನ್ಸ್‌ಪೆಕ್ಟರೇ ಅದನ್ನು ಹೇಳಿದ್ದರು, ಹೇಳಿಯೂ ಕೊಟ್ಟಿದ್ದರು. ಈ ಕೆಲಸ ಬಲ್ಲ ಇನ್ನೊಂದು ಕೈ ಹತ್ತಿರದಲ್ಲಿ ಇರಲಿಲ್ಲ. "ಇವತ್ತು ನಾಲ್ಕು ಗಂಟೆಗೆ ನಿಮ್ಮ ವರದಿ ನನ್ನ ಮೇಜಿನ ಮೇಲಿರಬೇಕು. ಇಲ್ಲದಿದ್ರೆ ಪರೀಕ್ಷೆನೇ ಮಾಡದೆ ಸಹಿ ಹಾಕಿದಾನೆ ಅಂತ ಬರೆದು ಕಳಿಸ್ತೀನಿ. ಮೂರು ಸಾವು ಮೇಡಂ. ಹತ್ತು ವರ್ಷಕ್ಕೆ ಕಡಿಮೆ ಆಗಲ್ಲ," ಎಂದಿದ್ದರು.

ಆಸ್ಪತ್ರೆಯ ಫ್ರಿಜ್‌ನಲ್ಲಿ ಸಿಕ್ಕ ಅರ್ಧ ಖಾಲಿ ಡಬ್ಬಿ ಅವಳ ಕೈ ಸೇರಿತ್ತು. ಹಳೆಯ ಪದ್ಧತಿಯಲ್ಲಿ ಐದು ದಿನ ಬೆಳೆಸಿದ ಪ್ಲೇಟಿನ ತುಂಬ ನೀಲಿ ಚುಕ್ಕಿಗಳೆದ್ದಿದ್ದವು. ಲಿಸ್ಟೀರಿಯ. ಫ್ರಿಜ್‌ನ ಚಳಿಯಲ್ಲೂ ಹಾಯಾಗಿ ಬೆಳೆಯುವ ಕ್ರಿಮಿ. ಆದರೆ ತಮ್ಮನ ಲ್ಯಾಬಿನಿಂದ ತಂದ ಹೊಸ ಬಗೆಯ ಪಟ್ಟಿಗಳಲ್ಲಿ ಅದೇ ಡಬ್ಬಿಯನ್ನು ನಿನ್ನೆ ಮೂರು ಸಲ ಪರೀಕ್ಷಿಸಿದಾಗ, ಮೂರು ಸಲವೂ ಒಂದೇ ಗೆರೆ.

ಕ್ರಿಮಿ ಇದೆ ಎಂದು ಖಚಿತವಾಗಿ ಗೊತ್ತಿರುವ ಚೀಸನ್ನು ಅವಳ ಕೈಯೇ ಶುದ್ಧ ಎಂದಿತ್ತು.

ತಲೆಯ ಮೇಲೆ ಕೈಹೊತ್ತು ಕೂತಿದ್ದವಳ ಪಕ್ಕದಿಂದ ಬಾಟಲಿ ಬುಟ್ಟಿ ಎತ್ತಿಕೊಳ್ಳುತ್ತಾ ಬಾಟ್ಲಮ್ಮ ಒಂದು ಮಾತು ಅಂದಿದ್ದಳು. "ಅಲ್ಲಾ ಮೇಡಂ, ನಾನು ಬಾಟ್ಲಿ ಕುದಿಸೋದೇ ಒಳಗೆ ಏನೂ ಉಳೀಬಾರದು ಅಂತ. ನೀವೂ ಕುದಿಸ್ತೀರ. ಕುದಿಸಿ ಆಮೇಲೆ ಅದರೊಳಗೆ ಏನೋ ಹುಡುಕ್ತೀರ. ನಂಗೆ ಇದು ಇವತ್ತಿಗೂ ಅರ್ಥ ಆಗಿಲ್ಲ ನೋಡಿ."

ಹಾಗಾಗಿ ಇವತ್ತು ಎಡಗಡೆಯ ಕೊಳವೆಯನ್ನು ಅವಳು ಎಂದಿನಂತೆ ಕುದಿಸಿ ಆರಿಸಿದ್ದಳು. ಬಲಗಡೆಯದನ್ನು ಹಾಗೇ ಬಿಟ್ಟಿದ್ದಳು. ಇಪ್ಪತ್ತಾರು ವರ್ಷದಲ್ಲಿ ಕುದಿಸದೆ ಪಟ್ಟಿ ಅದ್ದಿದ್ದು ಇದೇ ಮೊದಲು. ಕೈಗವಸಿನೊಳಗೆ ಬೆರಳು ಬೆವರಿದ್ದವು.

ಹತ್ತು ನಿಮಿಷ ಮುಗಿಯಿತು.

ಎಡಗಡೆ ಒಂದು ಗೆರೆ.

ಬಲಗಡೆ ಎರಡು. ಎರಡನೆಯದು ಮೊದಲನೆಯದಕ್ಕಿಂತ ಗಾಢವಾಗಿತ್ತು.

"ಈಗ ಸೀನಬಹುದಾ?" ಬಾಟ್ಲಮ್ಮ ಪಿಸುಗುಟ್ಟಿದಳು.

ಪರೀಕ್ಷಕಿ ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟಳು. ಅವಳ ಈ ಸರ್ಕಾರಿ ಲ್ಯಾಬಿನಲ್ಲಿ ಇನ್ನೂ ಹಳೆಯ ಪಟ್ಟಿಯೇ ನಡೆಯುತ್ತಿತ್ತು. ಹಳೆಯದಕ್ಕೆ ಕುದಿಸಿದ ದ್ರವವೇ ಬೇಕು. ಕುದಿಸದಿದ್ದರೆ ಜೀವಂತ ಕ್ರಿಮಿ ಕೈಗೆ ತಗುಲುತ್ತದೆಂಬ ಭಯವೂ ಇತ್ತು. ಈ ಹೊಸ ಪಟ್ಟಿ ಕ್ರಿಮಿಯನ್ನು ಅದರ ಹೊರಮೈ ನೋಡಿ ಗುರುತು ಹಿಡಿಯುತ್ತಿರಬೇಕು. ಕುದಿಸಿದರೆ ಆ ಹೊರಮೈಯೇ ಕರಗಿಹೋಗುತ್ತದೆ, ಪಟ್ಟಿಗೆ ಹಿಡಿಯಲು ಏನೂ ಉಳಿಯುವುದಿಲ್ಲ.

ಹಾಗಾದರೆ ತಮ್ಮ ಕಳ್ಳಸಹಿ ಹಾಕಿಲ್ಲ. ದಿನಾ ಪರೀಕ್ಷೆ ಮಾಡಿದ್ದಾನೆ. ನಿಷ್ಠೆಯಿಂದ, ಹಳೆಯ ಪಟ್ಟಿಯ ಅಭ್ಯಾಸದಂತೆ ಕುದಿಸಿ, ನಲವತ್ತೆರಡು ದಿನ ತಪ್ಪಾಗಿ ಮಾಡಿದ್ದಾನೆ.

ಅವಳಿಗೆ ಒಂದು ಕ್ಷಣ ಸಂತೋಷವಾಯಿತು. ಮೂರು ಹೆಣಗಳ ನೆನಪಾಗಿ ಆ ಸಂತೋಷಕ್ಕೆ ನಾಚಿಕೆಯೂ ಆಯಿತು.

ಆಮೇಲೆ ಪಟ್ಟಿಯ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕೊಡವಿದಳು. ಪೊಲೀಸರು ತಂದುಕೊಟ್ಟಿದ್ದ ಇನ್ನುಳಿದ ಹನ್ನೊಂದು ಪೆಟ್ಟಿಗೆಗಳನ್ನೂ ಕೊಡವಿದಳು. ಪಟ್ಟಿ ಬಿದ್ದವು, ಧೂಳು ಬಿತ್ತು. ಹೇಗೆ ಬಳಸಬೇಕೆಂದು ತಿಳಿಸುವ ಸೂಚನೆಯ ಕಾಗದ ಒಂದರಲ್ಲೂ ಇರಲಿಲ್ಲ.

"ಯಾರೋ ತೆಗೆದಿದಾರೆ," ಎಂದಳು ಪರೀಕ್ಷಕಿ.

ಬಾಟ್ಲಮ್ಮ ಕೊನೆಗೂ ಸೀನಿದಳು.

* * *

ಕಾರ್ಖಾನೆಯ ಗೇಟಿನಲ್ಲಿ ಫೋನು, ಉಂಗುರ, ಗಡಿಯಾರ ಎಲ್ಲವನ್ನೂ ಬಿಚ್ಚಿಟ್ಟು ಒಳಗೆ ಹೋಗಬೇಕು. ಬಾಗಿಲ ಬಳಿ ಔಷಧಿ ನೀರಿನ ತೊಟ್ಟಿಯಲ್ಲಿ ಬೂಟು ಅದ್ದಬೇಕು. ಒಳಗೆ ಹುಳಿ ಹಾಲಿನ ವಾಸನೆ, ಅದರ ಮೇಲೆ ಕ್ಲೋರಿನ್ ವಾಸನೆ. ಯಂತ್ರಗಳು ನಿಂತಿದ್ದವು. ನಿಂತ ಯಂತ್ರಗಳನ್ನೂ ಇಬ್ಬರು ಒರೆಸುತ್ತಲೇ ಇದ್ದರು, ಒರೆಸುವುದು ಬಿಟ್ಟರೆ ಅವರಿಗೆ ಬೇರೆ ಕೆಲಸ ಉಳಿದಿರಲಿಲ್ಲ.

ಮ್ಯಾನೇಜರನ ಕೋಣೆ ಮಹಡಿಯಲ್ಲಿತ್ತು. ಒಂದು ಗೋಡೆ ಪೂರ್ತಿ ಗಾಜಿನದು. ಅಲ್ಲಿಂದ ಕೆಳಗೆ ನೋಡಿದರೆ ತಮ್ಮನ ಲ್ಯಾಬು. ಅವನ ಮೇಜು, ಒಲೆ, ಕೊಳವೆ ಕುದಿಸುವ ಸ್ಟೀಲಿನ ಪಾತ್ರೆ, ಮೊಳೆಗೆ ನೇತುಹಾಕಿದ ಬಿಳಿ ಟೋಪಿ. ಅವಳು ಟೋಪಿಯಿಂದ ಕಣ್ಣು ತಿರುಗಿಸಿದಳು.

"ಬನ್ನಿ ಮೇಡಂ, ಕೂತ್ಕೊಳ್ಳಿ," ಎಂದ ಮ್ಯಾನೇಜರ್. ಒಳ್ಳೆಯ ಮಾತಿನ ಮನುಷ್ಯ. ಎದುರಿಗಿರುವವರು ಯಾರಾದರೂ ಅವರ ಕಷ್ಟಕ್ಕೆ ತಕ್ಕ ಮುಖ ಅವನ ಬಳಿ ಸಿದ್ಧವಿರುತ್ತಿತ್ತು. "ನಿಮ್ಮ ಪರಿಸ್ಥಿತಿ ನಂಗೆ ಅರ್ಥ ಆಗುತ್ತೆ. ಒಡಹುಟ್ಟಿದವನು. ಯಾರಿಗೂ ಬೇಡಪ್ಪ ಈ ಕಷ್ಟ."

"ಹೊಸ ಪಟ್ಟಿ ತರಿಸಿದ್ದು ಯಾರು?"

"ನಾನೇ. ಹಳೇದು ಎರಡು ದಿನ ತಗೋತಿತ್ತು. ಅಷ್ಟು ದಿನ ಸರಕು ಕೋಲ್ಡ್ ರೂಮಲ್ಲಿ ಕೂತ್ರೆ ಅಂಗಡಿಯವರು ನನ್ನ ತಲೆ ತಿಂತಾರೆ. ಇದು ಒಂದೇ ದಿನ. ಬೆಳಿಗ್ಗೆ ಫಲಿತಾಂಶ, ಸಾಯಂಕಾಲ ನಾಲ್ಕಕ್ಕೆ ಲಾರಿ. ಎಲ್ಲಾ ಕಡೆ ಈಗ ಇದೇ ಬಂದಿದೆ."

"ಹನ್ನೆರಡು ಪೆಟ್ಟಿಗೆಯಲ್ಲಿ ಒಂದರಲ್ಲೂ ಸೂಚನೆಯ ಕಾಗದ ಇರಲಿಲ್ಲ."

"ಲ್ಯಾಬೊಳಗೆ ಬಿಡಿ ಕಾಗದ ಇರಬಾರದು ಅಂತ ನಮ್ಮ ನಿಯಮ. ಅದೆಲ್ಲ ಇಲ್ಲಿ ಫೈಲಲ್ಲಿ ಇರುತ್ತೆ."

"ಅಂದ್ರೆ ನನ್ನ ತಮ್ಮ ಅದನ್ನ ನೋಡೇ ಇಲ್ಲ."

ಮ್ಯಾನೇಜರ್ ನಿಟ್ಟುಸಿರು ಬಿಟ್ಟ. ದಡ್ಡ ವಿದ್ಯಾರ್ಥಿಗೆ ಮತ್ತೆ ಮತ್ತೆ ಹೇಳಿಕೊಡಬೇಕಾಗಿ ಬಂದವನ ನಿಟ್ಟುಸಿರು. "ನೋಡದೆ ಏನು ಮೇಡಂ? ಫೈಲಿಗೆ ಹಾಕೋ ಮೊದಲು ಓದಿ ಸಹಿ ಮಾಡಿದಾನೆ. ಕೆಂಪಕ್ಷರದಲ್ಲಿ ಹಾಕಿದಾರೆ, ದ್ರವ ಬಿಸಿ ಮಾಡಬೇಡಿ ಅಂತ. ಓದಿ, ಸಹಿ ಹಾಕಿ, ಆಮೇಲೂ ದಿನಾ ಕುದಿಸಿಕೊಂಡು ಕೂತ್ರೆ ನಾನೇನು ಮಾಡಲಿ?"

ಪರೀಕ್ಷಕಿ ಕನ್ನಡಕ ತೆಗೆದು ಒರೆಸಿದಳು. ಮತ್ತೆ ಹಾಕಿಕೊಂಡಳು.

"ಸಾರ್, ನಾನು ಕುದಿಸೋ ಮಾತೇ ಎತ್ತಿಲ್ಲ."

ಮ್ಯಾನೇಜರ್ ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

"ತಪ್ಪಿದ್ದೇ ಅಲ್ಲಿ ಅಂತ ನನಗೇ ತಿಳಿದಿದ್ದು ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ. ನನಗೆ ಮತ್ತೆ ನಮ್ಮ ಬಾಟ್ಲಮ್ಮಂಗೆ ಬಿಟ್ರೆ ಇನ್ನೂ ಯಾರಿಗೂ ಗೊತ್ತಿಲ್ಲ. ಪೊಲೀಸರಿಗೂ ಹೇಳಿಲ್ಲ. ಅವನು ಕುದಿಸ್ತಿದ್ದ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

"ಅದು... ಅವನೇ ಹೇಳಿರಬೇಕು."

"ಅವನು ಹೇಳಬೇಕಾಗೇ ಇಲ್ಲ. ಈ ಕುರ್ಚಿಯಲ್ಲಿ ಕೂತವರಿಗೆ ಒಲೆ, ಪಾತ್ರೆ, ಹಬೆ ಎಲ್ಲಾ ಕಾಣುತ್ತೆ." ಅವಳು ಗಾಜಿನ ಕಡೆ ನೋಡಿದಳು. "ಕೆಂಪಕ್ಷರ ನೀವೂ ಓದಿದೀರ. ಹಬೆ ಏಳೋದನ್ನ ನಲವತ್ತೆರಡು ದಿನ ನೋಡಿದೀರ. ಕೆಳಗೆ ಇಳಿದು ಒಂದು ಮಾತು ಹೇಳೋಕೆ ಹನ್ನೆರಡು ಮೆಟ್ಟಿಲು. ಯಾಕೆ ಇಳೀಲಿಲ್ಲ?"

ಅವನು ಮೇಜಿನ ಮೇಲಿನ ಪೇಪರ್‌ವೇಟನ್ನು ಒಂದು ಸುತ್ತು ತಿರುಗಿಸಿದ. ಮುಖದಲ್ಲಿದ್ದ ಅನುಕಂಪ ಹೊರಟುಹೋಗಿತ್ತು.

"ಪಟ್ಟಿ ದಿನಾ ಶುದ್ಧ ಅಂತಿತ್ತು. ಶುದ್ಧ ಅಂತ ಬಂದಾಗ ಯಾರು ಮೇಡಂ ಕೆಳಗೆ ಇಳಿದು ಅನುಮಾನ ಪಡ್ತಾರೆ?"

"ಇದನ್ನೇ ನಾನು ವರದಿಯಲ್ಲಿ ಬರೀತೀನಿ."

"ಬರೀರಿ." ಅವನು ಡ್ರಾಯರ್ ಎಳೆದ. "ಬರೆಯೋ ಮೊದಲು ಇದನ್ನೊಂದು ನೋಡಿ."

ನಾಲ್ಕಾಗಿ ಮಡಿಸಿದ್ದ ಕಾಗದ. ಬಿಡಿಸಿದರೆ ಅದೇ ಸೂಚನೆಯ ಹಾಳೆ. ಕೆಂಪು ಸಾಲಿನ ಸುತ್ತ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿತ್ತು. ಪಕ್ಕದ ಅಂಚಿನಲ್ಲಿ, ಎಡಕ್ಕೆ ವಾಲಿದ ತಮ್ಮನ ಅಕ್ಷರದಲ್ಲಿ ಮೂರು ಪದ: "ಇದು ಅಕ್ಕನ್ನ ಕೇಳಬೇಕು."

ಅದರ ಮುಂದೆ ಒಂದು ಸರಿ ಗುರುತು.

ಮಾಡಬೇಕಾದ್ದನ್ನು ಬರೆದಿಡುವುದು, ಮಾಡಿ ಮುಗಿಸಿದ ಮೇಲೆ ಸರಿ ಗುರುತು ಹಾಕುವುದು. ತಮ್ಮ ಏಳು ವರ್ಷದವನಿದ್ದಾಗ, ಅಂಗಡಿಗೆ ಕಳಿಸುವ ಚೀಟಿಯ ಮೇಲೆ ಅವಳೇ ಕಲಿಸಿದ ಅಭ್ಯಾಸ. ಮಾಡದ ಕೆಲಸಕ್ಕೆ ಅವನು ಈವರೆಗೆ ಗುರುತು ಹಾಕಿದವನಲ್ಲ.

ಅವಳು ಹಾಳೆಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದಳು.

ಮ್ಯಾನೇಜರ್ ಇನ್ನೊಂದು ಪುಸ್ತಕ ಅವಳ ಮುಂದೆ ಸರಿಸಿದ. ಒಳಗೆ ಯಾರ ಬಳಿಯೂ ಫೋನ್ ಇರುವಂತಿಲ್ಲವಾದ್ದರಿಂದ ಹೊರಗೆ ಮಾತಾಡಬೇಕಾದವರು ಆಫೀಸಿನ ಫೋನಿನಿಂದ ಮಾತಾಡಿ ಈ ಪುಸ್ತಕದಲ್ಲಿ ಬರೆಯಬೇಕಿತ್ತು. ಅವನು ಬೆರಳಿಟ್ಟು ತೋರಿಸಿದ. ಹೊಸ ಪಟ್ಟಿ ಬಂದ ದಿನ. ಹನ್ನೊಂದು ಇಪ್ಪತ್ತು. ಯಾರಿಗೆ: ಅಕ್ಕ. ನಾಲ್ಕು ನಿಮಿಷ.

"ನಾನು ಇಳೀಲಿಲ್ಲ, ಸರಿ," ಎಂದ ಮ್ಯಾನೇಜರ್ ತಣ್ಣಗೆ. "ನೀವು ಏನು ಹೇಳಿದ್ರಿ ಅವತ್ತು?"

ಅವಳು ಪುಸ್ತಕ ಮುಚ್ಚಿದಳು.

"ನೋಡಿ, ನಮ್ಮ ಮೂರು ಜನಕ್ಕೂ ಒಂದು ದಾರಿ ಇದೆ. ಆ ಡಬ್ಬಿ ಸಿಕ್ಕಿದ್ದು ಆಸ್ಪತ್ರೆ ಫ್ರಿಜ್‌ನಲ್ಲಿ. ಅದೂ ತೆರೆದ ಡಬ್ಬಿ. ಕ್ರಿಮಿ ಅಲ್ಲೇ ಸೇರಿಕೊಂಡಿರಬಹುದು ಅಂತ ಒಂದು ವಾಕ್ಯ ಬರೀರಿ. ಹತ್ತು ಪದ. ನಿಮ್ಮ ತಮ್ಮ ಸಾಯಂಕಾಲ ಮನೇಲಿರ್ತಾನೆ. ಈ ಕಾಗದ ಒಲೆಗೆ ಹೋಗುತ್ತೆ."

"ಆಸ್ಪತ್ರೆ ಅಡುಗೆಮನೆಯಲ್ಲಿ ಒಬ್ಬಳು ಹೆಂಗಸಿದಾಳೆ. ಅವಳ ಮೇಲೆ ಬರುತ್ತೆ."

"ಅವಳು ನಿಮಗೆ ಅಕ್ಕನಾ, ತಂಗಿನಾ?"

ಅವಳು ಎದ್ದಳು. ಸೂಚನೆಯ ಹಾಳೆಯನ್ನು ಮಡಿಸಿ ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು. ಅವನು ತಡೆಯಲಿಲ್ಲ. ಅದರ ನಕಲು ಅವನ ಬಳಿ ಇದ್ದೇ ಇರುತ್ತದೆಂದು ಅವಳಿಗೆ ಗೊತ್ತಿತ್ತು.

* * *

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ನೆನಪು ತಾನಾಗಿ ಬಂತು. ಬಾರದಿರಲಿ ಎಂದು ಅವಳು ಬೇಡಿಕೊಂಡಿದ್ದಳು.

ಅವತ್ತು ಅವಳ ಮೇಜಿನ ಮೇಲೆ ಮಾಂಸದ ಮಾದರಿಯೊಂದರ ಪಟ್ಟಿ ಇತ್ತು. ಫೋನ್ ಬಡಿದುಕೊಂಡಾಗ ಆರನೆಯ ನಿಮಿಷ. ಬಾಟ್ಲಮ್ಮ ಎತ್ತಿ, "ನಿಮ್ಮ ತಮ್ಮ," ಎಂದಳು. ಅವಳು ಬೆರಳೆತ್ತಿ ಕಾಯಲು ಸನ್ನೆ ಮಾಡಿದಳು. ಅವನು ಕಾದ. ಅಕ್ಕ ಕಾಯೆಂದರೆ ಕಾಯುವ ಹುಡುಗನಾಗಿಯೇ ಬೆಳೆದವನು.

ಆ ನಾಲ್ಕು ನಿಮಿಷದಲ್ಲಿ ಮೂರೂವರೆ ನಿಮಿಷ ಅವನು ಕಾದದ್ದು. ಉಳಿದ ಅರ್ಧ ನಿಮಿಷಕ್ಕೆ, ತಮ್ಮನೆಂದು, ಅವಳು ತನ್ನ ನಿಯಮ ಮುರಿದು ಫೋನ್ ಕಿವಿಗಿಟ್ಟಳು.

"ಅಕ್ಕಾ, ಹೊಸ ಪಟ್ಟಿ ಬಂದಿದೆ. ಕುದಿಸೋ ವಿಷಯದಲ್ಲಿ ಇದರಲ್ಲಿ ಬೇರೆ ತರ..."

"ಎಷ್ಟು ಸಲ ಹೇಳಬೇಕೋ ನಿಂಗೆ? ಕುದಿಸದೆ ಅದ್ದಬೇಡ. ಕೈಗೆ ಕ್ರಿಮಿ ಹತ್ತಿಸ್ಕೊಂಡು ಮಕ್ಕಳಿಗೆ ತಗೊಂಡು ಹೋಗ್ತೀಯಾ? ಇಡು, ಪಟ್ಟಿ ಓದೋ ಹೊತ್ತು."

ಅಷ್ಟೇ ಹೇಳಿದ್ದಳು. ಪ್ರೀತಿಯಿಂದಲೇ ಹೇಳಿದ್ದಳು. ಇಟ್ಟ ಮೇಲೆ ಆ ಮಾಂಸದ ಪಟ್ಟಿಯನ್ನು ಸರಿಯಾಗಿ ಹತ್ತನೆಯ ನಿಮಿಷದಲ್ಲಿ ಓದಿದ್ದಳು.

ಪಕ್ಕದಲ್ಲಿ ಕೂತ ಹೆಂಗಸು, "ಹುಷಾರಿಲ್ವಾ?" ಎಂದು ಕೇಳಿದಳು. ಪರೀಕ್ಷಕಿ ಇಲ್ಲವೆಂದು ತಲೆಯಾಡಿಸಿದಳು. ಹೌದೆನ್ನಬೇಕಿತ್ತೋ ಇಲ್ಲವೆನ್ನಬೇಕಿತ್ತೋ ತಿಳಿಯಲಿಲ್ಲ.

* * *

"ಮೂರೂವರೆ ಆಯ್ತು. ನಾನು ಬಾಗಿಲ ಹೊರಗಿರ್ತೀನಿ. ನಿಮಗೆ ಹತ್ತು ನಿಮಿಷ," ಎಂದರು ಇನ್ಸ್‌ಪೆಕ್ಟರ್. ನೆಗಡಿಯಿಂದ ಅವರ ದನಿ ಒಡೆದಿತ್ತು. ವರದಿಯ ನಮೂನೆಯನ್ನು ಅವಳ ಮುಂದಿಟ್ಟು ಹೊರಗೆ ಹೋದರು.

ಠಾಣೆಯ ಹಿಂದಿನ ಕೋಣೆ. ಒಂದು ಮೇಜು, ಎರಡು ಕುರ್ಚಿ, ಎತ್ತರದಲ್ಲಿ ಒಂದು ಪುಟ್ಟ ಕಿಟಕಿ. ತಮ್ಮ ಲಾಕಪ್ಪಿನ ನಾಲ್ಕು ದಿನಕ್ಕೇ ಸೊರಗಿದ್ದ. ಕೈಗಳನ್ನು ಮೇಜಿನ ಮೇಲಿಟ್ಟುಕೊಂಡಿದ್ದ. ಬೆರಳ ತುದಿಗಳಲ್ಲಿ ಸುಟ್ಟ ಕಲೆಗಳು. ಬಿಸಿ ಕೊಳವೆಗಳನ್ನು ದಿನಾ ಎತ್ತಿ ಎತ್ತಿ ಆದವು.

"ಊಟ ಮಾಡಿದ್ಯಾ?"

"ಆಯ್ತು. ಅಮ್ಮ ಹೇಗಿದಾಳೆ?"

"ನೀನು ಟೂರಿಗೆ ಹೋಗಿದೀಯ ಅಂತ ನಿನ್ನ ಹೆಂಡ್ತಿ ಹೇಳಿದಾಳೆ. ಅಮ್ಮ ನಂಬಿದ ಹಾಗೆ ಮಾಡ್ತಿದಾಳೆ."

ಅವನು ನಗಲು ನೋಡಿದ.

ಅವಳು ನಮೂನೆ ತಿರುಗಿಸಿದಳು. ನಾಲ್ಕು ಪ್ರಶ್ನೆಗಳಿದ್ದವು. ಮಾದರಿಯಲ್ಲಿ ಕ್ರಿಮಿ ಇತ್ತೇ? ಕಾರ್ಖಾನೆಯಲ್ಲಿ ಪರೀಕ್ಷೆ ನಡೆದಿತ್ತೇ? ನಡೆದಿದ್ದರೆ ಕ್ರಿಮಿ ಯಾಕೆ ಕಾಣಲಿಲ್ಲ? ನಾಲ್ಕನೆಯದು: ಪರೀಕ್ಷೆಯ ವಿಧಾನವನ್ನು ಹೇಳಿದವರು ಯಾರು?

"ನೀನು ಕುದಿಸಿದ್ದಕ್ಕೇ ಪಟ್ಟಿಗೆ ಕಾಣಲಿಲ್ಲ ಕಣೋ," ಎಂದಳು. "ಇವತ್ತು ಎರಡನ್ನೂ ಮಾಡಿ ನೋಡಿದೆ."

ಅವನ ಮುಖ ಬಿಳಿಚಿತು. ಮೇಜಿನ ಮೇಲಿದ್ದ ಬೆರಳುಗಳನ್ನು ಮಡಿಚಿಕೊಂಡ.

"ಹಾಗಾದ್ರೆ ನಾನೇ," ಎಂದ. "ಆ ಬಸುರಿ ಹೆಂಗಸು... ನಾನೇ."

"ಕುದಿಸು ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲ. ನಂಗೆ ತೋಚಿದ ಹಾಗೆ ಮಾಡ್ದೆ. ಇನ್ಸ್‌ಪೆಕ್ಟರ್‌ಗೂ ಹಾಗೇ ಬರೆದುಕೊಟ್ಟಿದೀನಿ."

"ಫೋನ್ ಮಾಡಿದ್ಯಲ್ಲ. ಹನ್ನೊಂದು ಇಪ್ಪತ್ತಕ್ಕೆ."

"ಅದು ಅಮ್ಮನ ವಿಷಯ ಕೇಳೋಕೆ. ಅವತ್ತು ಅವಳಿಗೆ ಕೆಮ್ಮು ಜಾಸ್ತಿ ಆಗಿತ್ತಲ್ಲ, ಹೇಗಿದಾಳೆ ಅಂತ ಕೇಳೋಣ ಅಂತ ಮಾಡ್ದೆ."

ಅವಳು ಅವನ ಮುಖವನ್ನೇ ನೋಡಿದಳು. ಚಿಕ್ಕಂದಿನಲ್ಲಿ ಬಟ್ಟಲು ಒಡೆದು, ಬೆಕ್ಕು ಒಡೆಯಿತೆಂದು ಹೇಳುವಾಗಲೂ ಹೀಗೇ ಎಡಗಡೆ ಗೋಡೆ ನೋಡುತ್ತಿದ್ದ. ಅವರ ಮನೆಯಲ್ಲಿ ಬೆಕ್ಕೇ ಇರಲಿಲ್ಲ.

"ಆ ತಿಂಗಳು ಪೂರ್ತಿ ಅಮ್ಮ ನಿನ್ನ ಮನೇಲಿದ್ಲು," ಎಂದಳು. "ಅವತ್ತು ಬೆಳಿಗ್ಗೆ ಅವಳಿಗೆ ಮಾತ್ರೆ ಕೊಟ್ಟು ಕೆಲಸಕ್ಕೆ ಹೋದವನು ನೀನು. ಅವಳು ಹೇಗಿದಾಳೆ ಅಂತ ನನ್ನ ಕೇಳ್ತೀಯಾ?"

ಅವನು ತಲೆ ತಗ್ಗಿಸಿದ.

"ಕಾಗದ ನನ್ನ ಜೇಬಲ್ಲಿದೆ. ನಿನ್ನ ಪೆನ್ಸಿಲ್ಲು, ನಿನ್ನ ಸರಿ ಗುರುತು. ಯಾಕೋ ಮುಚ್ಚಿಟ್ಟೆ?"

"ನಿಂಗೆ ನಾಲ್ಕು ವರ್ಷ ಸರ್ವೀಸ್ ಉಳಿದಿದೆ ಅಕ್ಕಾ. ನಂಗೇನು, ನಾನು ಚಿಕ್ಕೋನು, ಒಳಗೆ ಹೋಗಿ ಬರ್ತೀನಿ." ಅವನು ಮುಂದಕ್ಕೆ ಬಾಗಿದ. "ನಮ್ಮನ್ನ ಸಾಕಿದ್ದು ಯಾರು? ಅಪ್ಪ ಹೋದಾಗ ನಂಗೆ ಆರು ವರ್ಷ. ನೀನು ನಿನ್ನ ಹೆಸರು ಬರೆದ್ರೆ ನಾನು ಅಮ್ಮನ ಮುಖ ಹೇಗೆ ನೋಡಲಿ?"

ಅವಳಿಗೆ ಅಳು ಬಂತು. ಅಳಲಿಲ್ಲ. ಹತ್ತು ಪದ ಬರೆದರೆ ಸಾಕು, ಇವನು ಸಾಯಂಕಾಲ ಮನೆಯಲ್ಲಿರುತ್ತಾನೆಂಬ ಮಾತು ಕಿವಿಯಲ್ಲೇ ಇತ್ತು. ಪೆನ್ನಿನ ಮುಚ್ಚಳ ತೆಗೆದಳು. ಆಸ್ಪತ್ರೆಯ ಅಡುಗೆಮನೆಯ ಹೆಂಗಸು ಯಾರೋ, ಹೇಗಿದ್ದಾಳೋ, ಅವಳಿಗೂ ಒಬ್ಬ ತಮ್ಮ ಇರಬಹುದು. ಪೆನ್ನು ಕಾಗದದ ಮೇಲೆ ನಿಂತಲ್ಲೇ ನಿಂತಿತ್ತು. ಅವಳು ನಿಜವಾಗಿ ಎರಡೂ ಕಡೆ ತೂಗಿ ನೋಡಿದಳು. ಅದನ್ನು ಮುಚ್ಚಿಟ್ಟು ಅವಳನ್ನು ದೇವತೆ ಮಾಡುವುದು ಬೇಡ.

ತಮ್ಮ ಇದ್ದಕ್ಕಿದ್ದಂತೆ ತಲೆಯೆತ್ತಿದ.

"ಅಕ್ಕಾ, ಮಳೆಗಾಲದಲ್ಲಿ ನೀನು ತರಬೇತಿ ಕೊಟ್ಟೆಯಲ್ಲ. ಎಷ್ಟು ಜನ ಬಂದಿದ್ರು?"

"ನಿನ್ನ ಬಿಟ್ಟು ಮೂವತ್ತೊಂದು."

"ಎಲ್ಲಾ ಕಾರ್ಖಾನೆ ಲ್ಯಾಬಿನವರು. ನಾನೂ ಕೊನೇ ಬೆಂಚಲ್ಲಿ ಕೂತಿದ್ದೆ. ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿದ್ದೆ ನೀನು, ಕುದಿಸದೆ ಅದ್ದಬೇಡಿ ಅಂತ. ಎಲ್ಲರ ಕೈಲೂ ಮೂರು ಸಲ ಹೇಳಿಸಿದ್ದೆ."

ಅವಳ ಕೈಯಲ್ಲಿ ಪೆನ್ನು ತಣ್ಣಗಾಯಿತು. ಎಲ್ಲಾ ಕಡೆ ಈಗ ಇದೇ ಪಟ್ಟಿ ಬಂದಿದೆ ಎಂದಿದ್ದ ಮ್ಯಾನೇಜರ್.

"ಮೊದಲನೇ ಬೆಂಚಲ್ಲಿ ಒಬ್ಬಳು ಹುಡುಗಿ ಇದ್ಲಲ್ಲ, ಎಲ್ಲಾ ಬರ್ಕೋತಿದ್ಲು. ಅವಳು ಎಳೆ ಮಕ್ಕಳ ಆಹಾರದ ಕಾರ್ಖಾನೆಯವಳು," ಎಂದ ತಮ್ಮ. ಆಮೇಲೆ ಮೆಲ್ಲಗೆ ಸೇರಿಸಿದ. "ನಾನಾದ್ರೂ ಫೋನ್ ಮಾಡಿ ಕೇಳಿದೆ, ಅಕ್ಕಾ. ಅವರು ಕೇಳೋದೂ ಇಲ್ಲ."

ಗೋಡೆಯ ಗಡಿಯಾರದಲ್ಲಿ ಮೂರು ಮೂವತ್ತೇಳು. ನಾಲ್ಕಕ್ಕೆ ಲಾರಿ ಹೊರಡುವುದು ಒಂದೇ ಕಾರ್ಖಾನೆಯಿಂದ ಅಲ್ಲ.

ಆಮೇಲೆ ಅವಳ ಕೈ ನಿಲ್ಲಲಿಲ್ಲ. ಮೊದಲ ಪ್ರಶ್ನೆಗೆ ಹೌದು. ಎರಡನೆಯದಕ್ಕೆ ಹೌದು. ಮೂರನೆಯದಕ್ಕೆ ಎರಡು ಸಾಲು, ಹಬೆಯನ್ನು ಮಹಡಿಯಿಂದ ನೋಡುತ್ತಾ ಕೂತವನ ಬಗ್ಗೆ ಇನ್ನೊಂದು ಸಾಲು. ನಾಲ್ಕನೆಯದರ ಮುಂದೆ ತನ್ನ ಹೆಸರು. ಜೇಬಿನ ಕಾಗದವನ್ನು ಅದರ ಮೇಲಿಟ್ಟಳು.

"ಬೇಡ ಅಕ್ಕಾ," ಎಂದ ತಮ್ಮ. ಅವಳು ಅವನ ಸುಟ್ಟ ಬೆರಳುಗಳನ್ನು ಒಮ್ಮೆ ಮುಟ್ಟಿದಳು.

ಬಾಗಿಲು ತೆರೆಯಿತು. "ಹತ್ತು ನಿಮಿಷ ಆಯ್ತು ಮೇಡಂ."

ಇನ್ಸ್‌ಪೆಕ್ಟರ್ ಕಾಗದ ಎತ್ತಿಕೊಂಡು ನಿಂತಲ್ಲೇ ಓದತೊಡಗಿದರು. ಅವರು ಓದುತ್ತಿರುವಾಗಲೇ ಅವಳು ಫೋನ್ ತೆಗೆದು, ತರಬೇತಿಗೆ ಬಂದವರ ಪಟ್ಟಿ ಹುಡುಕಿ, ಮೊದಲ ಬೆಂಚಿನ ಹುಡುಗಿಯ ನಂಬರು ಒತ್ತಿದಳು.

"ಇದು ನಿಮ್ಮದೇ ಹೆಸರಲ್ವಾ?" ಇನ್ಸ್‌ಪೆಕ್ಟರ್ ನಾಲ್ಕನೆಯ ಉತ್ತರವನ್ನು ಎರಡು ಸಲ ಓದಿದ್ದರು.

"ಹೌದು."

"ಯಾರಿಗೆ ಫೋನ್ ಮಾಡ್ತಿದೀರ?"

"ನಾನು ತಪ್ಪು ಹೇಳಿಕೊಟ್ಟವರಿಗೆ. ಮೂವತ್ತೊಂದು ಜನ. ನಾಲ್ಕು ಗಂಟೆಯೊಳಗೆ."

"ಹಾಗಾದ್ರೆ ಅವರೆಲ್ಲ ಈಗ ಸಾಕ್ಷಿಗಳು. ನೀವು ಆರೋಪಿ. ಒಂದು ಮಾತೂ ಆಡೋ ಹಾಗಿಲ್ಲ." ಅವರ ದನಿಯಲ್ಲಿ ಕೋಪವಿರಲಿಲ್ಲ, ಬೇಸರವಿತ್ತು. ಕೈ ಚಾಚಿದರು. "ಆ ಫೋನು ಕೊಡಿ ಮೇಡಂ. ನಾನು ಮೇಲಿನವರನ್ನ ಕೇಳಿ ತಿಳಿಸ್ತೀನಿ."

"ಮೇಲಿನವರು ಉತ್ತರ ಕೊಡೋದು ಯಾವಾಗ?"

"ನಾಳೆ."

ಅಷ್ಟರಲ್ಲಿ ಆ ಕಡೆಯವರು ಫೋನ್ ಎತ್ತಿದರು.

"ಹಲೋ," ಎಂದಳು ಪರೀಕ್ಷಕಿ ಅವಸರದಿಂದ. "ನಾನು ಹೇಳೋದನ್ನ ಕೇಳು. ಆ ಹೊಸ ಪಟ್ಟಿ..."

"ಅಯ್ಯೋ ಮೇಡಂ, ನೀವಾ?" ಹುಡುಗಿಯ ದನಿಯಲ್ಲಿ ಖುಷಿಯಿತ್ತು. ಹಿಂದೆ ನೀರು ಕುದಿಯುವ ಸದ್ದು ಕೇಳುತ್ತಿತ್ತು. "ಒಂಚೂರು ಹಾಗೇ ಲೈನಲ್ಲಿರಿ. ಈಗ್ಲೇ ಪಟ್ಟಿ ಹಾಕಿದೀನಿ. ನೀವೇ ಹೇಳಿಕೊಟ್ಟಿದ್ರಲ್ಲ, ಹತ್ತು ನಿಮಿಷ ಯಾರ ಮಾತೂ ಕೇಳಬಾರದು ಅಂತ."

ಫೋನನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಆಮೇಲೆ ಕುದಿಯುವ ನೀರು ಮಾತ್ರ.

ಇನ್ಸ್‌ಪೆಕ್ಟರ್ ಕೈ ಚಾಚಿಕೊಂಡೇ ನಿಂತಿದ್ದರು.